ಕೈಯಲ್ಲಿ ಆರು ಸಾವಿರ, ಹತ್ತು ದಿನ ಬಿಡುವು: ಎಲ್ಲಿಗೆ ಹೋಗಲಿ, ಹೇಗೆ ಹೋಗಲಿ?

ಬೆಣ್ಣೆದೋಸೆ

ಎಲ್ಲರಿಗೂ ನಮಸ್ಕಾರ. ನಾನು ದಾವಣಗೆರೆಯವನು, ಬಿ.ಎಸ್ಸಿ. ಕೊನೆಯ ವರ್ಷ. ಜನವರಿಯಲ್ಲಿ ಪರೀಕ್ಷೆ ಮುಗಿಯುತ್ತದೆ. ಆಮೇಲೆ ಹತ್ತು ದಿನ ಬಿಡುವು. ಕೈಯಲ್ಲಿ ಆರು ಸಾವಿರ ಇದೆ. ಮನೆಯಲ್ಲಿ ಕೇಳುವ ಹಾಗಿಲ್ಲ, ತಂಗಿಯ ಫೀಸು ಕಟ್ಟುವುದೇ ಅಪ್ಪನಿಗೆ ಸಾಕಾಗಿದೆ.

ಫ್ರೆಂಡ್ಸ್ ಎಲ್ಲ ಗೋವಾ ಅಂತಿದ್ದಾರೆ. ಅವರ ಜೊತೆ ಹೋದರೆ ಎರಡು ದಿನಕ್ಕೆ ಜೇಬು ಖಾಲಿ, ಆಮೇಲೆ ಮನೆಯಲ್ಲಿ ಕೂತು ಮೊಬೈಲ್ ನೋಡಬೇಕು. ನನಗೆ ಜಾಸ್ತಿ ದಿನ ಹೊರಗಿರಬೇಕು. ಒಬ್ಬನೇ ಆದರೂ ಪರವಾಗಿಲ್ಲ. ರೀಲ್ಸ್‌ನಲ್ಲಿ "ಸಾವಿರ ರೂಪಾಯಿಗೆ ಹಿಮಾಲಯ" ಅಂತೆಲ್ಲ ತೋರಿಸುತ್ತಾರೆ, ನಂಬಿಕೆ ಬರಲ್ಲ. ನಿಜವಾಗಿ ಕಡಿಮೆ ದುಡ್ಡಲ್ಲಿ ತಿರುಗಿದವರು ದಾರಿ ಹೇಳಿ.

ಹಳಿಮೇಲೆ

ತಮ್ಮಾ, ಆರು ಸಾವಿರ ಕಡಿಮೆ ಏನಲ್ಲ. ಆದರೆ ಮೂರು ರಾಜ್ಯ ದಾಟುವ ಆಸೆ ಈ ಸಲ ಬಿಡು. ನಿನ್ನ ಊರಿನ ಮೇಲೇ ಗೋಲ್‌ಗುಂಬಜ್ ಎಕ್ಸ್‌ಪ್ರೆಸ್ ಹೋಗುತ್ತದೆ. ರಾತ್ರಿ ದಾವಣಗೆರೆಯಲ್ಲಿ ಹತ್ತಿದರೆ ಬೆಳಗಿನ ಹೊತ್ತಿಗೆ ಬಾದಾಮಿ. ಒಂದು ರಾತ್ರಿಯ ಲಾಡ್ಜ್ ಖರ್ಚು ಅಲ್ಲೇ ಉಳಿಯಿತು. ಬಾದಾಮಿ, ಪಟ್ಟದಕಲ್ಲು, ಐಹೊಳೆ ನೋಡಿಕೊಂಡು ಅದೇ ಲೈನಿನಲ್ಲಿ ವಿಜಯಪುರ. ಅಲ್ಲಿಂದ ಕಲಬುರಗಿ, ಬೀದರ್. ಬರುವಾಗ ಹೊಸಪೇಟೆಗೆ ಇಳಿದು ಹಂಪಿ. ಹೊಸಪೇಟೆಯಿಂದ ನಿಮ್ಮೂರಿಗೆ ಬಸ್ಸಿದೆ. ಹತ್ತು ದಿನಕ್ಕೆ ಸರಿಹೋಗುತ್ತದೆ.

ರೈಲಿನ ವಿಷಯ ಸ್ವಲ್ಪ ಉದ್ದ ಬರೆಯುತ್ತೇನೆ, ಯಾಕೆಂದರೆ ದುಡ್ಡು ಉಳಿಯುವುದೂ ಹೋಗುವುದೂ ಇಲ್ಲೇ. 2024ರ ನವೆಂಬರ್‌ನಿಂದ ರಿಸರ್ವೇಶನ್ 60 ದಿನ ಮುಂಚೆ ಶುರುವಾಗುತ್ತದೆ, ಮೊದಲಿನ ಹಾಗೆ 120 ಅಲ್ಲ. ದಿನ ಗೊತ್ತಿದ್ದರೆ ಸ್ಲೀಪರ್ ಆವತ್ತೇ ಮಾಡಿಬಿಡು. ಕೊನೆ ಗಳಿಗೆಗೆ ತತ್ಕಾಲ್ ಅಂತ ಕೂತರೆ ಜಾಸ್ತಿ ದುಡ್ಡು ಕೊಡಬೇಕು. ಸ್ಲೀಪರ್ ತತ್ಕಾಲ್ ಹಿಂದಿನ ದಿನ ಬೆಳಿಗ್ಗೆ 11ಕ್ಕೆ ತೆರೆಯುತ್ತದೆ. 2025ರ ಜುಲೈನಿಂದ ಆನ್‌ಲೈನ್‌ನಲ್ಲಿ ಅದನ್ನು ಮಾಡಲು ಆಧಾರ್ ಜೋಡಿಸಿರಬೇಕು. ಆರ್‌ಎಸಿ ಬಂದರೆ ಹೆದರಬೇಡ, ಸೈಡ್ ಸೀಟಿನಲ್ಲಿ ಇನ್ನೊಬ್ಬರ ಜೊತೆ ಕೂತು ಹೋಗಬಹುದು. ವೇಟಿಂಗ್ ಲಿಸ್ಟಿನಲ್ಲೇ ಉಳಿದ ಆನ್‌ಲೈನ್ ಟಿಕೆಟ್ ತಾನಾಗಿಯೇ ಕ್ಯಾನ್ಸಲ್ ಆಗುತ್ತದೆ, ಅದನ್ನು ಹಿಡಿದು ಹತ್ತಬೇಡ.

ಹಗಲು ಓಡಾಟಕ್ಕೆ ಜನರಲ್ ಬೋಗಿ ಸಾಕು. ಬಾದಾಮಿಯಿಂದ ವಿಜಯಪುರಕ್ಕೆ ಯಾರೂ ರಿಸರ್ವ್ ಮಾಡಲ್ಲ. ಇನ್ನೂರು ಕಿಲೋಮೀಟರ್ ಒಳಗಿನ ಜನರಲ್ ಟಿಕೆಟ್ ತೆಗೆದುಕೊಂಡ ಮೇಲೆ ಮೂರು ಗಂಟೆಯೊಳಗೆ ಅಥವಾ ಆಮೇಲಿನ ಮೊದಲ ಗಾಡಿಗೆ ಹೊರಡಬೇಕು. ಬೆಳಿಗ್ಗೆಯೇ ಟಿಕೆಟ್ ತೆಗೆದು ಸಂಜೆ ಹತ್ತಿದರೆ ಟಿಟಿಇ ದಂಡ ಹಾಕುತ್ತಾರೆ.

ಇನ್ನೊಂದು, ಈ ಸಲಕ್ಕಲ್ಲ, ತಲೆಯಲ್ಲಿ ಇಟ್ಟುಕೊ. 500 ಕಿಲೋಮೀಟರ್ ಮೇಲಿನ ಟಿಕೆಟ್ಟಿಗೆ ನಡುವೆ ಇಳಿದು ಎರಡು ದಿನ ಉಳಿಯುವ ಅವಕಾಶ ಇದೆ. ಮೊದಲ ಸಲ ಇಳಿಯುವುದು 500 ಕಿಲೋಮೀಟರ್ ಆದ ಮೇಲೆಯೇ ಇರಬೇಕು, ಇಳಿದ ಸ್ಟೇಷನ್ನಿನಲ್ಲಿ ಟಿಕೆಟ್ ಮೇಲೆ ಬರೆಸಿಕೊಳ್ಳಬೇಕು. ರಾಜಧಾನಿ, ಶತಾಬ್ದಿಗೆ ಇದಿಲ್ಲ. ಸರ್ಕ್ಯುಲರ್ ಜರ್ನಿ ಟಿಕೆಟ್ ಅಂತಲೂ ಒಂದಿದೆ. ಹೊರಟ ಊರಿಗೇ ವಾಪಸ್ ಬರುವ ಹಾಗೆ ದಾರಿ ಬರೆದುಕೊಟ್ಟರೆ, ಎಂಟು ಕಡೆ ಇಳಿಯುವ ಒಂದೇ ಟಿಕೆಟ್ ಮಾಡಿಕೊಡುತ್ತಾರೆ. ರೈಲಿನಲ್ಲಿ ದೂರ ಹೆಚ್ಚಿದಷ್ಟೂ ಕಿಲೋಮೀಟರ್ ದರ ಇಳಿಯುತ್ತದೆ. ಅದಕ್ಕೇ ತುಂಡು ತುಂಡು ಟಿಕೆಟ್‌ಗಿಂತ ಇದು ಅಗ್ಗ. ಆದರೆ ಆ್ಯಪ್‌ನಲ್ಲಿ ಸಿಗಲ್ಲ, ಸ್ಟೇಷನ್ನಿನಲ್ಲಿ ಅರ್ಜಿ ಕೊಡಬೇಕು. ಬರ್ತ್ ಬೇಕಾದರೆ ಪ್ರತಿ ಗಾಡಿಗೂ ಬೇರೆ ರಿಸರ್ವ್ ಮಾಡಿಸಬೇಕು. ತಾಳ್ಮೆ ಇದ್ದವರಿಗೆ ಮಾತ್ರ.

ಲೆಕ್ಕದ ಮೇಷ್ಟ್ರು

ಬೇಜಾರು ಮಾಡಿಕೊಳ್ಳಬೇಡಪ್ಪ. ಕೊನೆ ವರ್ಷ ಅಂತೀಯ, ಮನೆ ಪರಿಸ್ಥಿತಿ ನೀನೇ ಹೇಳಿದ್ದೀಯ. ಮೊದಲು ಕೆಲಸ ಹುಡುಕು. ದುಡಿದ ಮೇಲೆ ಸ್ವಂತ ದುಡ್ಡಲ್ಲಿ ಆರಾಮಾಗಿ ತಿರುಗು. ಹಂಪಿ ಎಲ್ಲೂ ಓಡಿಹೋಗಲ್ಲ. ನನ್ನ ಕಾಲದಲ್ಲಿ ಎಲ್‌ಟಿಸಿ (ನೌಕರರಿಗೆ ಕೊಡುವ ಪ್ರವಾಸ ಭತ್ಯೆ) ಬರುವವರೆಗೆ ನಾವು ಎಲ್ಲಿಗೂ ಹೋಗಲಿಲ್ಲ.

ಆದರೆ ಒಂದು ಮಾತು, ಹೋಗುವುದೇ ಆದರೆ ಸಾಲ ಮಾಡಿ ಹೋಗಬೇಡ. ಈಗ "ಮೊದಲು ತಿರುಗಿ, ಆಮೇಲೆ ಕಟ್ಟಿ" ಅಂತ ಆ್ಯಪ್‌ಗಳು ಬಂದಿವೆ. ಕೆಲಸವೇ ಇಲ್ಲದ ಹುಡುಗರು ಗೋವಾ ಟ್ರಿಪ್ಪಿಗೆ ಕಂತು ಕಟ್ಟುವುದನ್ನು ಕಣ್ಣಾರೆ ನೋಡಿದ್ದೇನೆ.

ಕಿಟಕಿಸೀಟು

ಮೇಷ್ಟ್ರೇ, ಸಾಲದ ಮಾತಿಗೆ ನನ್ನದೂ ಕೈ ಸೇರಿಸಿ. ಮೊದಲಿನ ಮಾತು ಒಪ್ಪಲ್ಲ. ಕೆಲಸ ಸಿಕ್ಕ ಮೇಲೆ ದುಡ್ಡು ಬರುತ್ತದೆ, ಹತ್ತು ದಿನ ರಜೆ ಕೊಡುವವರು ಯಾರು? ನಮ್ಮ ಆಫೀಸಿನಲ್ಲಿ ಮೂರು ದಿನ ಕೇಳಿದರೆ ಮುಖ ನೋಡುತ್ತಾರೆ. ಬಿಡುವು ಇದ್ದಾಗ ದುಡ್ಡಿಲ್ಲ, ದುಡ್ಡಿದ್ದಾಗ ಬಿಡುವಿಲ್ಲ. ಈ ಹುಡುಗನ ಹತ್ತಿರ ಬಿಡುವಾದರೂ ಇದೆ. ಆರು ಸಾವಿರ ಅವನೇ ಕೂಡಿಟ್ಟಿದ್ದು ಇರಬೇಕು, ಅಲ್ವಾ?

ಇಲ್ಲಿ ಓದುತ್ತಿರುವ ಹುಡುಗಿಯರಿಗೆ ಒಂದು ಮಾತು. 2023ರ ಜೂನ್ 11ರಿಂದ ಹೆಂಗಸರಿಗೆ ಸರ್ಕಾರಿ ಬಸ್ಸು ಫ್ರೀ ಮಾಡಿದ ಶಕ್ತಿ ಯೋಜನೆ ಇದೆ. ಬರೀ ಕೆಲಸಕ್ಕೆ, ತವರಿಗೆ ಹೋಗಲಿಕ್ಕೆ ಅಂತ ಏನೂ ಇಲ್ಲ. ಕರ್ನಾಟಕದ ವಿಳಾಸ ಇರುವ ಗುರುತಿನ ಚೀಟಿ ಇದ್ದರೆ ರಾಜ್ಯದೊಳಗೆ ಕೆಂಪು ಬಸ್ಸಿನಲ್ಲಿ ಎಲ್ಲಿಂದ ಎಲ್ಲಿಗಾದರೂ ಹೋಗಬಹುದು. ರಾಜಹಂಸ, ಸ್ಲೀಪರ್, ಐರಾವತ, ಎಸಿ ಬಸ್ಸುಗಳಿಗೆ ಮಾತ್ರ ಇಲ್ಲ. ನಾಲ್ಕೂ ನಿಗಮದ ಬಸ್ಸಿಗೆ ನಡೆಯುತ್ತದೆ. ನಾನು ಮೈಸೂರಿನಿಂದ ಹೊರಟು ಹಾಸನ, ಚಿಕ್ಕಮಗಳೂರು, ಶಿವಮೊಗ್ಗ, ಸಿರಸಿ, ಕಾರವಾರದವರೆಗೆ ಬಸ್ಸಿಗೆ ಒಂದು ಪೈಸೆ ಕೊಡದೆ ಹೋಗಿದ್ದೇನೆ. ಒಂದೇ ಬಸ್ಸಲ್ಲ, ಊರೂರಿಗೆ ಇಳಿದು ಹತ್ತಿ. ಬೆನ್ನು ನೋಯುತ್ತದೆ, ಸೀಟಿಗೆ ಟವಲ್ ಹಾಕುವ ಕಲೆ ಕಲಿಯಬೇಕು. ಶೂನ್ಯ ದರದ ಟಿಕೆಟ್ ಕೇಳಿ ತೆಗೆದುಕೊಳ್ಳಿ, ಇಳಿಯುವವರೆಗೆ ಇಟ್ಟುಕೊಳ್ಳಿ. "ಫ್ರೀ ಅಲ್ವಾ" ಅಂತ ಬಿಟ್ಟರೆ ಚೆಕಿಂಗ್ ಬಂದಾಗ ತಕರಾರು.

ಸಿರಸಿಯಿಂದ ಕುಮಟಾಕ್ಕೆ ಇಳಿಯುವ ದೇವಿಮನೆ ಘಾಟಿನಲ್ಲಿ ಎಡಗಡೆ ಕಿಟಕಿ ಸಿಕ್ಕಿತ್ತು. ಪಕ್ಕದಲ್ಲಿ ಕೂತ ಅಮ್ಮ, ಮಗಳ ಬಾಣಂತನಕ್ಕೆ ಹೊರಟವರು, ಚೀಲದಿಂದ ಕೋಕಂ ಸಿಪ್ಪೆ ತೆಗೆದು ಕೊಟ್ಟರು. "ಒಬ್ಬಳೇ ಯಾಕೆ ಹೋಗುತ್ತೀ, ಮನೆಯಲ್ಲಿ ಜಗಳ ಆಯ್ತಾ?" ಅಂತ ಕೇಳಿದರು. ಸುಮ್ನೆ ಊರು ನೋಡಲಿಕ್ಕೆ ಅಂದೆ. ಸ್ವಲ್ಪ ಹೊತ್ತು ಯೋಚಿಸಿ, "ನಾನೂ ಈಗ ಬಸ್ ಫ್ರೀ ಆದ ಮೇಲೆ ಗೋಕರ್ಣ ನೋಡಿದೆ ನೋಡು, ಅರವತ್ತು ವರ್ಷದಿಂದ ಇಲ್ಲೇ ಇದ್ದೆ" ಅಂದರು.

ಬೆಣ್ಣೆದೋಸೆ

ಅಕ್ಕಾ, ಹೌದು, ಸ್ವಂತ ದುಡ್ಡೇ. ಮದುವೆ ಸೀಸನ್‌ನಲ್ಲಿ ಕೇಟರಿಂಗ್‌ಗೆ ಹೋಗುತ್ತೇನೆ, ಬಡಿಸುವ ಕೆಲಸ. ಮೇಷ್ಟ್ರೇ, ಬೇಜಾರಿಲ್ಲ.

ಹಳಿಮೇಲೆ ಅಣ್ಣ, ಈ ದಾರಿ ಇಷ್ಟ ಆಯಿತು. ಉಳಿಯುವುದು ಎಲ್ಲಿ? ಎಲ್ಲ ಕಡೆ ಲಾಡ್ಜ್ ಮಾಡಿದರೆ ಆರು ಸಾವಿರ ಅದಕ್ಕೇ ಹೋಗುತ್ತದೆ.

ಗುಮ್ಮಟನಗರಿ

ಜನವರಿಯಲ್ಲಿ ಬಾದಾಮಿಗೆ ಹೋಗುವವನಿಗೆ ಬನಶಂಕರಿ ಜಾತ್ರೆ ಬಗ್ಗೆ ಯಾರೂ ಹೇಳಲೇ ಇಲ್ಲವಲ್ಲ! ಬನದ ಹುಣ್ಣಿಮೆಗೆ ತೇರು. ಜಾತ್ರೆ ಅಲ್ಲಿಗೇ ಮುಗಿಯಲ್ಲ, ವಾರಗಟ್ಟಲೆ ನಡೆಯುತ್ತದೆ. ವೃತ್ತಿ ನಾಟಕ ಕಂಪನಿಗಳು ಅಕ್ಕಪಕ್ಕದಲ್ಲೇ ಟೆಂಟ್ ಹಾಕಿರುತ್ತವೆ. ರಾತ್ರಿ ಎರಡು ಆಟ. ತಡವಾದ ಆಟಕ್ಕೆ ಟಿಕೆಟ್ ತಗೊಂಡು ಕೂತರೆ ಬೆಳಗಿನ ಜಾವದವರೆಗೆ ನಾಟಕ. ನಮ್ಮ ಕಡೆ ಹುಡುಗರು ಲಾಡ್ಜ್ ಉಳಿಸುವುದೇ ಹಾಗೆ. ತಮಾಷೆ ಅಲ್ಲ, ಸುತ್ತಲಿನ ಹಳ್ಳಿಯವರು ಚಕ್ಕಡಿ, ಟ್ರ್ಯಾಕ್ಟರ್ ಕಟ್ಟಿಕೊಂಡು ಬಂದು ಹೊಲದಲ್ಲೇ ಮಲಗುತ್ತಾರೆ. ಕಂಬಳಿ ಮಾತ್ರ ಒಯ್ಯಿ, ಜನವರಿ ಚಳಿ ಚೆನ್ನಾಗಿಯೇ ಕಚ್ಚುತ್ತದೆ.

ಊಟಕ್ಕೆ ಹೋಟೆಲ್ ಬೇಡ. ಬನಶಂಕರಿ ಗುಡಿ ಎದುರು ಹೊಂಡ ಇದೆಯಲ್ಲ, ಅದರ ಸುತ್ತ ಹೆಂಗಸರು ಬುಟ್ಟಿ ಇಟ್ಟುಕೊಂಡು ಕೂತಿರುತ್ತಾರೆ. ಇಳಕಲ್ ಸೀರೆ ಸೆರಗು ಸರಿಮಾಡಿಕೊಂಡು ಬಟ್ಟೆ ಬಿಚ್ಚಿದರೆ ಒಳಗೆ ಜೋಳದ ರೊಟ್ಟಿ, ಜುಣಕ, ಕಾಳಿನ ಪಲ್ಲೆ, ಕೆಂಪು ಚಟ್ನಿ, ಸಣ್ಣ ಗಡಿಗೆಯಲ್ಲಿ ಗಟ್ಟಿ ಮೊಸರು. ರೊಟ್ಟಿ ಮೇಲೆಯೇ ಪಲ್ಲೆ ಹಾಕಿ ಕೈಗೆ ಕೊಡುತ್ತಾರೆ. ಖಾರ ಜಾಸ್ತಿ ಆಯ್ತು ಅಂದರೆ ಕೇಳದೇ ಇನ್ನೊಂದು ಚಮಚ ಮೊಸರು ಬೀಳುತ್ತದೆ. ದಾವಣಗೆರೆ ಬೆಣ್ಣೆ ಒಂದು ದಿನಕ್ಕೆ ಮರೆತುಹೋಗುತ್ತದೆ ನೋಡು.

ಬಾದಾಮಿ ಸ್ಟೇಷನ್ ಊರಿನಿಂದ ಐದು ಕಿಲೋಮೀಟರ್. ಬೆಳಗಿನ ಜಾವ ಇಳಿದು ಆಟೊದವರ ಮೊದಲ ರೇಟಿಗೆ ಹೂಂ ಅನ್ನಬೇಡ. ಹೊರಗೆ ನಿಂತರೆ ಶೇರ್ ಆಟೊ, ಟಂಟಂ ಸಿಗುತ್ತದೆ. ಪಟ್ಟದಕಲ್ಲು, ಐಹೊಳೆಗೆ ಸರ್ಕಾರಿ ಬಸ್ಸಿದೆ. ಮೊದಲು ದೂರದ ಐಹೊಳೆಗೆ ಹೋಗಿ ವಾಪಸ್ ಬರುತ್ತ ಪಟ್ಟದಕಲ್ಲಿಗೆ ಇಳಿ. ಸಂಜೆಯ ಕೊನೆ ಬಸ್ ಎಷ್ಟಕ್ಕೆ ಅಂತ ಕಂಡಕ್ಟರ್ ಹತ್ತಿರ ಬೆಳಿಗ್ಗೆಯೇ ಕೇಳಿಕೊ. ದಿನಕ್ಕೆ ಕಾರು ಮಾಡಿಕೊಂಡು ಬಂದವರು ಮೂರೂ ಊರನ್ನು ನಾಲ್ಕು ಗಂಟೆಯಲ್ಲಿ ಮುಗಿಸಿ ಓಡುತ್ತಾರೆ. ನೀನು ಬಸ್ ಕಾಯುವ ನೆಪದಲ್ಲಿ ಎರಡು ಗುಡಿ ಜಾಸ್ತಿ ನೋಡುತ್ತೀಯ.

ನಮ್ಮೂರಿಗೆ ಬಂದಾಗ ಗೋಲಗುಮ್ಮಟಕ್ಕೆ ಬೆಳಿಗ್ಗೆ ಬೇಗ ಹೋಗು. ಹೊತ್ತಾದರೆ ಶಾಲೆ ಟ್ರಿಪ್ಪಿನ ಮಕ್ಕಳು ಬಂದು ಕೂಗಲು ಶುರು ಮಾಡುತ್ತಾರೆ, ಪಿಸುಮಾತಿನ ಗ್ಯಾಲರಿಯಲ್ಲಿ ಪಿಸುಮಾತು ಮಾತ್ರ ಕೇಳಲ್ಲ.

ಕಡಲಕಾಗೆ

ಉಳಿಯುವುದಕ್ಕೆ ಇನ್ನೊಂದು ದಾರಿ ಎಂದರೆ ಹಾಸ್ಟೆಲ್‌ನಲ್ಲಿ ವಾಲಂಟಿಯರ್. ಗೋಕರ್ಣ, ಹಂಪಿ ಕಡೆ, ಹಿಮಾಚಲದಲ್ಲಿ ಬ್ಯಾಕ್‌ಪ್ಯಾಕರ್ ಹಾಸ್ಟೆಲ್‌ಗಳು ಹುಡುಗರನ್ನು ಇಟ್ಟುಕೊಳ್ಳುತ್ತವೆ. ದಿನಕ್ಕೆ ನಾಲ್ಕೈದು ಗಂಟೆ ಕೆಲಸ, ಬದಲಿಗೆ ಹಾಸಿಗೆ, ತಿಂಡಿ. ಆದರೆ ಹತ್ತು ದಿನಕ್ಕೆ ಯಾರೂ ಇಟ್ಟುಕೊಳ್ಳಲ್ಲ, ತಿಂಗಳು ಇರ್ತೀಯಾ ಅಂತ ಕೇಳುತ್ತಾರೆ. ಡಿಗ್ರಿ ಮುಗಿದ ಮೇಲೆ ನೋಡು.

ಹೋಗುವ ಮುಂಚೆ ಎಲ್ಲ ಬರವಣಿಗೆಯಲ್ಲಿ ತೆಗೆದುಕೊ, ವಾಟ್ಸ್ಆ್ಯಪ್ ಮೆಸೇಜ್ ಆದರೂ ಸಾಕು. ಎಷ್ಟು ಗಂಟೆ, ಏನು ಕೆಲಸ, ವಾರಕ್ಕೆ ಎಷ್ಟು ರಜೆ, ಊಟ ಎಷ್ಟು ಹೊತ್ತು. ನಾನು ಹೋದ ಒಂದು ಬೆಟ್ಟದೂರಿನ ಹಾಸ್ಟೆಲ್‌ನಲ್ಲಿ ರಿಸೆಪ್ಷನ್ ಅಂತ ಕರೆದು ಬೆಡ್‌ಶೀಟ್ ಒಗೆಸಿದರು, ರಾತ್ರಿ ಒಂದು ಗಂಟೆಗೆ ಬರುವ ಗಿರಾಕಿಗೆ ಬಾಗಿಲು ತೆಗೆಸಿದರು. ಸಂಬಳ ಕೊಡಬೇಕಾದ ಕೆಲಸಕ್ಕೆ "ಅನುಭವ" ಅಂತ ಹೆಸರಿಟ್ಟಿದ್ದರು. ಮೂಟೆ ಕಟ್ಟಿ ಹೊರಟೆ. ಆಮೇಲೆ ಸಿಕ್ಕ ಜಾಗ ಚೆನ್ನಾಗಿತ್ತು. ಮಾಲೀಕರ ತಾಯಿಯೇ ಅಡುಗೆ ಮಾಡುತ್ತಿದ್ದರು, ನನ್ನಿಂದ ಬಿಸಿಬೇಳೆಬಾತ್ ಕಲಿತರು.

ವಾಪಸ್ ಬರುವಷ್ಟು ಟಿಕೆಟ್ ದುಡ್ಡು ಯಾವಾಗಲೂ ಬೇರೆ ಇಟ್ಟಿರು. ಅದು ಇದ್ದರೆ ಮಾತ್ರ "ಬೇಡ" ಅನ್ನುವ ಧೈರ್ಯ ಬರುತ್ತದೆ.

ಬೀದರಿಗ

ಬೀದರಿಗೆ ಬಂದರೆ ಉಳಿಯುವ ಚಿಂತೆ ಬೇಡ. ಸಿಖ್ಖರ ಗುರುದ್ವಾರ ನಾನಕ್ ಝೀರಾ ಸಾಹಿಬ್ ಇದೆ. ಯಾವ ಜಾತಿ, ಯಾವ ಧರ್ಮ ಅಂತ ಕೇಳಲ್ಲ. ಲಂಗರ್‌ನಲ್ಲಿ, ಅಂದರೆ ಗುರುದ್ವಾರದ ಸಾಮೂಹಿಕ ಪಂಕ್ತಿಯಲ್ಲಿ, ಉಚಿತ ಊಟ, ಯಾತ್ರಿಗಳಿಗೆ ಉಳಿಯಲು ಜಾಗ. ತಲೆ ಮೇಲೆ ಬಟ್ಟೆ ಇರಬೇಕು, ಚಪ್ಪಲಿ ಹೊರಗೆ, ಬೀಡಿ ಸಿಗರೇಟ್ ಗುಟ್ಕಾ ಹತ್ತಿರಕ್ಕೂ ತರಬಾರದು. ನೆಲದ ಮೇಲೆ ಸಾಲಾಗಿ ಕೂರಬೇಕು. ರೊಟ್ಟಿ ಬಂದಾಗ ತಟ್ಟೆ ಮುಂದೆ ಚಾಚಬೇಡ, ಎರಡೂ ಕೈ ಜೋಡಿಸಿ ಒಡ್ಡು, ಅದರ ಮೇಲೆ ಇಡುತ್ತಾರೆ. ಬೇಕಾದಷ್ಟೇ ಹಾಕಿಸಿಕೊ, ಬಿಡಬಾರದು.

ಕೋಟೆ, ಮಹಮೂದ್ ಗವಾನ್ ಮದರಸಾ, ಅಷ್ಟೂರಿನ ಗುಂಬಜ್‌ಗಳು ಎಲ್ಲ ಸೇರಿ ಎರಡು ದಿನ ಬೇಕು. ಊರೊಳಗೆ ಬಿದ್ರಿ ಕೆಲಸದವರ ಅಂಗಡಿ ಇವೆ. ಲೋಹದಲ್ಲಿ ಬೆಳ್ಳಿ ತಂತಿ ಕೂರಿಸುವುದನ್ನು ನೋಡಲು ದುಡ್ಡು ಬೇಕಿಲ್ಲ. ಕಪ್ಪು ಬಣ್ಣ ಬರಲು ಕೋಟೆಯ ಹಳೆ ಮಣ್ಣು ಹಾಕುತ್ತಾರೆ, ಕೇಳಿದರೆ ತೋರಿಸುತ್ತಾರೆ.

ಸುಮ್ನಿರಿ_ಸ್ವಾಮಿ

ನೋವಾದರೂ ಹೇಳುತ್ತೇನೆ. ಲಂಗರ್, ದಾಸೋಹ ಎಲ್ಲ ಹಸಿದವರಿಗೆ, ಭಕ್ತರಿಗೆ ಇರುವಂಥದ್ದು. ಕೈಯಲ್ಲಿ ಸ್ಮಾರ್ಟ್‌ಫೋನ್ ಇಟ್ಟುಕೊಂಡು ಊರು ನೋಡಲು ಹೊರಟವರು "ದುಡ್ಡು ಉಳಿಸುವ ಹ್ಯಾಕ್" ಅಂತ ಅಲ್ಲಿ ಹೋಗಿ ಕೂರುವುದು ಸರಿ ಅನ್ನಿಸಲ್ಲ. ವ್ಲಾಗ್ ಮಾಡುವವರು ಧರ್ಮಸ್ಥಳದ ಊಟದ ಸಾಲಿನಲ್ಲೇ ಕ್ಯಾಮೆರಾ ಹಿಡಿದು "ಫ್ರೀ ಫ್ರೀ" ಅಂತ ಕೂಗುತ್ತಾರೆ.

ಬೀದರಿಗ

ಕ್ಯಾಮೆರಾದವರ ಬಗ್ಗೆ ನೀವು ಹೇಳಿದ್ದು ನಿಜ. ಆದರೆ ಲಂಗರ್ ಇರುವುದೇ ಬಡವ ಶ್ರೀಮಂತ ಒಂದೇ ಸಾಲಿನಲ್ಲಿ ಕೂರಲಿ ಅಂತ. ಹಸಿದವರಿಗೆ ಮಾತ್ರ ಅಂತ ಬಾಗಿಲಲ್ಲಿ ತಡೆದರೆ ಅದು ಲಂಗರ್ ಹೇಗಾಯಿತು? ತಿಂದು ಎದ್ದು ಹೋಗಬಾರದು, ಅಷ್ಟೇ. ಪಾತ್ರೆ ತೊಳೆಯುವ ಕಡೆ ಯಾವಾಗಲೂ ಕೈ ಬೇಕಿರುತ್ತದೆ. ತರಕಾರಿ ಹೆಚ್ಚಬಹುದು, ರೊಟ್ಟಿ ಹಂಚಬಹುದು. ಈ ಹುಡುಗ ಕೇಟರಿಂಗ್‌ನಲ್ಲಿ ಬಡಿಸಿ ಗೊತ್ತಿರುವವನು, ಅವನನ್ನು ನೋಡಿದರೆ ಖುಷಿಯಿಂದ ಬಕೆಟ್ ಕೈಗೆ ಕೊಡುತ್ತಾರೆ.

ಕಿಟಕಿಸೀಟು

ನನಗೆ ಇಬ್ಬರ ಮಾತೂ ಸರಿ ಅನಿಸುತ್ತದೆ. ಯಾತ್ರೆಗೆ ಹೋದ ನಮ್ಮಜ್ಜಿ ಧರ್ಮಸ್ಥಳ, ಹೊರನಾಡು, ಶೃಂಗೇರಿ ಎಲ್ಲ ಹೀಗೆಯೇ ನೋಡಿದ್ದು. ಛತ್ರದಲ್ಲಿ ಮಲಗು, ಪ್ರಸಾದದ ಊಟ ಮಾಡು, ಹುಂಡಿಗೆ ಕೈಲಾದದ್ದು ಹಾಕು. ಆಗ ಯಾರೂ ಅದನ್ನು ಬಿಟ್ಟಿ ಪ್ರವಾಸ ಅನ್ನಲಿಲ್ಲ. ಹತ್ತು ದಿನವೂ ಅದನ್ನೇ ನೆಚ್ಚಿಕೊಂಡು ಉಳಿದ ದುಡ್ಡಲ್ಲಿ ಶೂ ತಗೊಂಡರೆ ಮಾತ್ರ ನನಗೂ ಸಿಟ್ಟು ಬರುತ್ತದೆ.

ಒಂದು ಎಚ್ಚರಿಕೆ. ಎಷ್ಟೋ ದೇವಸ್ಥಾನದ ವಸತಿಗೃಹಗಳಲ್ಲಿ ಒಬ್ಬರೇ ಬಂದರೆ ರೂಮು ಕೊಡಲ್ಲ, ಹುಡುಗ ಆಗಲಿ ಹುಡುಗಿ ಆಗಲಿ. ಕೆಲವು ಕಡೆ ಡಾರ್ಮಿಟರಿ, ಹಾಲ್ ಇರುತ್ತದೆ. ಹೋಗುವ ಮುಂಚೆ ಫೋನ್ ಮಾಡಿ ಕೇಳಿ. ರಾತ್ರಿ ಒಂಬತ್ತಕ್ಕೆ ಹೋಗಿ ಕೌಂಟರ್‌ನಲ್ಲಿ ವಾದ ಮಾಡಿದರೆ ಏನೂ ಆಗಲ್ಲ.

ಬೆಟ್ಟದ ಹುಚ್ಚು

"ಸಾವಿರ ರೂಪಾಯಿಗೆ ಹಿಮಾಲಯ" ಸುಳ್ಳು. ಆದರೆ ಮುಂದಿನ ವರ್ಷಕ್ಕೆ ಹಿಮಾಲಯ ಬೇಕಾದರೆ ಈಗಿನಿಂದಲೇ ನೋಡು. ಯೂತ್ ಹಾಸ್ಟೆಲ್ಸ್ ಅಸೋಸಿಯೇಷನ್ ಆಫ್ ಇಂಡಿಯಾ ಬೇಸಿಗೆಯಲ್ಲಿ ಚಾರಣ ನಡೆಸುತ್ತದೆ. ಹಿಮಾಚಲದ ಕಸೋಲ್‌ನಿಂದ ಹೊರಡುವ ಸಾರ್ ಪಾಸ್ ಚಾರಣ ಎಲ್ಲರಿಗೂ ಗೊತ್ತು. ಸದಸ್ಯನಾಗಬೇಕು, ಡಾಕ್ಟರ್ ಸರ್ಟಿಫಿಕೇಟ್ ಬೇಕು. ಟೆಂಟ್, ಊಟ, ಗೈಡ್ ಎಲ್ಲ ಶುಲ್ಕದಲ್ಲೇ. ಖಾಸಗಿ ಕಂಪನಿಗಳು ಕೇಳುವುದಕ್ಕಿಂತ ತುಂಬ ಕಡಿಮೆ. ಐಷಾರಾಮ ಏನಿಲ್ಲ, ಒಂದೊಂದು ಟೆಂಟಿನಲ್ಲಿ ಸಾಲಾಗಿ ಮಲಗಬೇಕು, ತಟ್ಟೆ ಲೋಟ ನೀನೇ ಒಯ್ಯಬೇಕು, ತಣ್ಣೀರಿನಲ್ಲಿ ನೀನೇ ತೊಳೆಯಬೇಕು. ಬೆಂಗಳೂರಿನಿಂದ ದೆಹಲಿಗೆ ಕರ್ನಾಟಕ ಎಕ್ಸ್‌ಪ್ರೆಸ್ ಸ್ಲೀಪರ್, ಅಲ್ಲಿಂದ ಬಸ್ಸು.

ಇನ್ನೂ ಗಟ್ಟಿಯಾಗಿ ಕಲಿಯಬೇಕೆಂದರೆ ಉತ್ತರಕಾಶಿಯ ನೆಹರೂ ಪರ್ವತಾರೋಹಣ ಸಂಸ್ಥೆ, ಡಾರ್ಜಿಲಿಂಗ್‌ನ ಹಿಮಾಲಯನ್ ಮೌಂಟನಿಯರಿಂಗ್ ಇನ್‌ಸ್ಟಿಟ್ಯೂಟ್ ಇವೆ. ಬೇಸಿಕ್ ಕೋರ್ಸ್ ಸುಮಾರು ನಾಲ್ಕು ವಾರ. ಊಟ, ವಸತಿ, ಸಾಮಾನು ಎಲ್ಲ ಸೇರಿದ ಸರ್ಕಾರಿ ಶುಲ್ಕ. ಬಹಳ ಮುಂಚೆಯೇ ಸೀಟು ತುಂಬಿಬಿಡುತ್ತದೆ. ನಮ್ಮ ರಾಜ್ಯದಲ್ಲೂ ಜನರಲ್ ತಿಮ್ಮಯ್ಯ ಸಾಹಸ ಅಕಾಡೆಮಿ ಇದೆ, ವಿಚಾರಿಸು. ಕೇಂದ್ರ ಸರ್ಕಾರದ ಯುವ ಸಂಗಮ್ ಕೂಡ ನೋಡು, 18ರಿಂದ 30 ವಯಸ್ಸಿನವರನ್ನು ಬೇರೆ ರಾಜ್ಯಕ್ಕೆ ಕರೆದುಕೊಂಡು ಹೋಗುತ್ತಾರೆ. ಎನ್‌ಎಸ್‌ಎಸ್, ಎನ್‌ಸಿಸಿಯಲ್ಲಿ ಇದ್ದವರಿಗೆ ಒಳ್ಳೇದು. ಕಾಲೇಜು ನೋಟಿಸ್ ಬೋರ್ಡ್ ಓದುವ ಅಭ್ಯಾಸ ಇಲ್ಲದೇ ಎಷ್ಟೋ ಹುಡುಗರು ಇದನ್ನು ಕಳೆದುಕೊಳ್ಳುತ್ತಾರೆ.

ನೇಪಾಳಕ್ಕೆ ಪಾಸ್‌ಪೋರ್ಟ್ ಬೇಕೇಬೇಕು ಅಂತಿಲ್ಲ, ವೋಟರ್ ಐಡಿ ಸಾಕು. ಗೋರಖ್‌ಪುರಕ್ಕೆ ರೈಲು, ಅಲ್ಲಿಂದ ಸುನೌಲಿ ಗಡಿಗೆ ಬಸ್ಸು, ಗಡಿ ದಾಟಿ ಪೋಖರಾಗೆ ಇನ್ನೊಂದು ಬಸ್ಸು. ನಮ್ಮ 100 ರೂಪಾಯಿಗೆ ಅಲ್ಲಿ 160. ಭೂತಾನ್‌ಗೂ ವೋಟರ್ ಐಡಿ ನಡೆಯುತ್ತದೆ, ಆದರೆ ದಿನಕ್ಕೆ 1200 ರೂಪಾಯಿ ಶುಲ್ಕ ಕಟ್ಟಬೇಕು. ನಮ್ಮಂಥವರಿಗೆ ಅಲ್ಲ.

ದೂರದೇಶಿ

ಜರ್ಮನಿಯಲ್ಲಿ ಓದುತ್ತಿದ್ದೇನೆ, ಊರು ಹಾವೇರಿ. ಇಲ್ಲೂ ಲೆಕ್ಕ ಅದೇ ಕಣ್ರೀ. ತಿಂಗಳಿಗೊಂದು ಡಾಯ್ಚ್‌ಲಾಂಡ್ ಟಿಕೆಟ್ ಇದೆ. 2023ರ ಮೇ ತಿಂಗಳಲ್ಲಿ 49 ಯೂರೋಗೆ ಶುರುವಾಯಿತು, 2025ರಲ್ಲಿ 58 ಆಯಿತು, 2026ರಿಂದ 63. ಇಡೀ ದೇಶದ ಲೋಕಲ್ ರೈಲು, ಊರ ಬಸ್ಸು, ಟ್ರಾಮ್ ಎಲ್ಲಕ್ಕೂ ನಡೆಯುತ್ತದೆ, ವೇಗದ ಐಸಿಇಗೆ ಇಲ್ಲ. ಮ್ಯೂನಿಕ್‌ನಿಂದ ಹ್ಯಾಂಬರ್ಗ್‌ಗೆ ಐಸಿಇ ಆರು ಗಂಟೆ ಆಸುಪಾಸು. ನಾವು ನಾಲ್ಕೈದು ಗಾಡಿ ಬದಲಿಸಿ ಇಡೀ ದಿನ ಹೋಗುತ್ತೇವೆ. ಡಬ್ಬಿಯಲ್ಲಿ ಪುಳಿಯೋಗರೆ ಇರುತ್ತದೆ.

ಇಲ್ಲಿಗೆ ಬರುವವರಿಗೆ ಒಂದು ಮಾತು. ಆ ಟಿಕೆಟ್ ತಾನಾಗಿಯೇ ಮುಂದುವರಿಯುತ್ತದೆ. ಬೇಡ ಅಂದರೆ ತಿಂಗಳ 10ನೇ ತಾರೀಕಿನೊಳಗೆ ಕ್ಯಾನ್ಸಲ್ ಮಾಡಬೇಕು.  ಇಲ್ಲಿನ ರೆಸಿಡೆನ್ಸ್ ಪರ್ಮಿಟ್ ಇದ್ದರೆ, ಯೂರೋಪಿನ ಬೇರೆ ಬೇರೆ ದೇಶದ ರೈಲಿಗೆ ನಡೆಯುವ ಇಂಟರ್‌ರೇಲ್ ಪಾಸು ತೆಗೆದುಕೊಳ್ಳಬಹುದು. ಯೂತ್ ಹಾಸ್ಟೆಲ್ ಅನ್ನುವುದು ಹುಟ್ಟಿದ್ದೂ ಈ ದೇಶದಲ್ಲೇ. ಅಲ್ಟೇನಾ ಅನ್ನುವ ಊರಿನ ಕೋಟೆಯಲ್ಲಿ ರಿಚರ್ಡ್ ಶಿರ್‌ಮನ್ ಎಂಬ ಶಾಲಾ ಮೇಷ್ಟ್ರು ಶುರು ಮಾಡಿದ್ದು. ಲೆಕ್ಕದ ಮೇಷ್ಟ್ರೇ, ಮೇಷ್ಟ್ರುಗಳಲ್ಲೂ ಇಂಥವರು ಇದ್ದರು ನೋಡಿ!

ಲೆಕ್ಕದ ಮೇಷ್ಟ್ರು

ಆಯ್ತಪ್ಪ ಆಯ್ತು, ಎಲ್ಲ ಸೇರಿ ನನ್ನ ಮೇಲೇ ಬೀಳ್ತಿದ್ದೀರಿ. ಹೋಗಿ ಬಾ ತಮ್ಮಾ. ದಿನದ ಖರ್ಚು ಮಾತ್ರ ಬರೆದಿಡು.

ಹೊಸ_ಚಪ್ಪಲಿ

ಕಿಟಕಿಸೀಟು ಅಕ್ಕ, ನಾನು ತುಮಕೂರಿನವಳು, 20 ವರ್ಷ. ಮನೆಯಲ್ಲಿ ಒಬ್ಬಳೇ ಅಂದರೆ ಬಿಡಲ್ಲ. ಹೇಗೆ ಒಪ್ಪಿಸಿದಿರಿ? ಭಯ ಆಗಲ್ವಾ?

ಕಿಟಕಿಸೀಟು

ಮೊದಲು ಒಂದೇ ದಿನದ್ದು ಮಾಡು ಪುಟ್ಟಾ. ಬೆಳಿಗ್ಗೆ ಹೋಗಿ ಸಂಜೆ ಬರುವಂಥದ್ದು, ಬೇಲೂರು ಹಳೇಬೀಡು ಆಗಬಹುದು, ಶ್ರವಣಬೆಳಗೊಳ ಆಗಬಹುದು. ಆಮೇಲೆ ಗೆಳತಿ ಜೊತೆ ಒಂದು ರಾತ್ರಿ. ಅಮ್ಮನನ್ನೇ ಒಂದು ಸಲ ಕರೆದುಕೊಂಡು ಹೋಗು, ಅವರಿಗೂ ಬಸ್ ಫ್ರೀ. ನಮ್ಮಮ್ಮ ಒಪ್ಪಿದ್ದು ಹಾಗೆ, ಈಗ ಅವರೇ "ಮುಂದೆ ಎಲ್ಲಿಗೆ" ಅಂತ ಕೇಳುತ್ತಾರೆ.

ಭಯ ಆಗುತ್ತದೆ. ಅದಕ್ಕೇ ಕತ್ತಲಾದ ಮೇಲೆ ಹೊಸ ಊರಿಗೆ ಇಳಿಯಲ್ಲ. ಬಸ್ಸು ನಾಲ್ಕು ಗಂಟೆಗೆ ಇಳಿಸಿದರೆ ಬೆಳಕು ಹರಿಯುವವರೆಗೆ ನಿಲ್ದಾಣದಲ್ಲೇ, ಬೆಳಕಿರುವ ಕಡೆ, ಹೆಂಗಸರು ಕೂತಿರುವ ಬೆಂಚಿನಲ್ಲಿ. ರೈಲ್ವೆ ಸ್ಟೇಷನ್ ಆದರೆ ಮಹಿಳೆಯರ ವೇಟಿಂಗ್ ರೂಮು. ಲಾಡ್ಜ್ ಅಗ್ಗಕ್ಕೆ ಸಿಕ್ಕಿತು ಅಂತ ಊರಾಚೆ ಉಳಿಯಲ್ಲ, ಅಲ್ಲಿ ನೂರು ರೂಪಾಯಿ ಜಾಸ್ತಿ ಕೊಡುತ್ತೇನೆ. ತುರ್ತಿಗೆ 112. ದುಡ್ಡು ಉಳಿಸುವ ಉಪಾಯಗಳಲ್ಲಿ ಅರ್ಧ ಹುಡುಗರಿಗೆ ಮಾತ್ರ ನಡೆಯುತ್ತದೆ. ನಾಟಕದ ಟೆಂಟಿನಲ್ಲಿ ರಾತ್ರಿ ಕಳೆ ಅನ್ನುವುದು ಕೇಳಲು ಚೆಂದ, ಒಬ್ಬಳೇ ಹೋದವಳಿಗೆ ನಾನು ಹೇಳಲ್ಲ. ನಮಗೆ ಬಸ್ಸಿನಲ್ಲಿ ಉಳಿದ ದುಡ್ಡು ಕೋಣೆಗೆ ಹೋಗುತ್ತದೆ.

ಗುಮ್ಮಟನಗರಿ

ಅಕ್ಕಾ, ಅದು ಖರೇ. ಜಾತ್ರೆಗೆ ಮನೆ ಮಂದಿ ಜೊತೆ ಬಂದ ಹೆಣ್ಣುಮಕ್ಕಳು ಸಾವಿರಾರು ಜನ ಇರುತ್ತಾರೆ, ಒಬ್ಬರೇ ಬಂದವರು ಕಾಣುವುದು ಕಡಿಮೆ.

ಬೆಣ್ಣೆದೋಸೆ

ಎಲ್ಲ ಓದಿದೆ, ನೋಟ್‌ಬುಕ್‌ನಲ್ಲಿ ಬರೆದುಕೊಂಡೆ. ಹೀಗೆ ಮಾಡೋಣ ಅಂತ. ಬಾದಾಮಿ ಮತ್ತು ಜಾತ್ರೆ ಮೂರು ದಿನ, ವಿಜಯಪುರ ಒಂದೂವರೆ, ಕಲಬುರಗಿ ಅರ್ಧ ದಿನ, ಬೀದರ್ ಎರಡು, ಅಲ್ಲಿಂದ ಕಲಬುರಗಿಗೆ ಬಂದು ರಾತ್ರಿ ಬಸ್ಸಿಗೆ ಹೊಸಪೇಟೆ, ಹಂಪಿ ಎರಡು ದಿನ. ಓಡಾಟಕ್ಕೆ ಎರಡು ಸಾವಿರ, ಉಳಿಯಲು ಸಾವಿರದ ಐನೂರು, ಊಟಕ್ಕೆ ಸಾವಿರದ ಐನೂರು. ಬೀದರ್‌ನಲ್ಲಿ ಖಂಡಿತ ಪಾತ್ರೆ ತೊಳೆಯುತ್ತೇನೆ, ಹುಂಡಿಗೂ ಹಾಕುತ್ತೇನೆ. ಒಂದು ಸಾವಿರ ಮುಟ್ಟಲ್ಲ. ಪ್ರವೇಶ ಟಿಕೆಟ್ ಎಷ್ಟು ಹಿಡಿಯಲಿ? ಹಂಪಿಯಲ್ಲಿ ಗೈಡ್ ಬೇಕಾ?

ಹಳಿಮೇಲೆ

ಪುರಾತತ್ವ ಇಲಾಖೆಯ ಟಿಕೆಟ್ ಹಂಪಿ, ಪಟ್ಟದಕಲ್ಲಿನಂಥ ವಿಶ್ವ ಪರಂಪರೆ ತಾಣಕ್ಕೆ 40, ಬಾದಾಮಿ ಗುಹೆ, ಗೋಲಗುಮ್ಮಟದಂಥ ಕಡೆ 25. ಆನ್‌ಲೈನ್‌ನಲ್ಲಿ ತೆಗೆದರೆ ಐದು ರೂಪಾಯಿ ಕಡಿಮೆ. ಎಲ್ಲ ಸೇರಿ ಇನ್ನೂರು ಹಿಡಿ.

ಹಂಪಿಯಲ್ಲಿ ಒಂದೇ ಟಿಕೆಟ್ ವಿಜಯ ವಿಠ್ಠಲ ದೇವಸ್ಥಾನಕ್ಕೂ ಕಮಲ ಮಹಲಿಗೂ ನಡೆಯುತ್ತದೆ, ಆದರೆ ಆವತ್ತಿಗೆ ಮಾತ್ರ. ಎರಡನ್ನೂ ಒಂದೇ ದಿನ ಇಟ್ಟುಕೊ. ಇನ್ನೊಂದು ದಿನ ಟಿಕೆಟ್ ಇಲ್ಲದವು: ಹೇಮಕೂಟ, ಮಾತಂಗ ಬೆಟ್ಟ, ಅಚ್ಯುತರಾಯ ದೇವಸ್ಥಾನ, ಉಗ್ರನರಸಿಂಹ, ಮಹಾನವಮಿ ದಿಬ್ಬ. ಗೈಡ್ ಒಬ್ಬನಿಗೇ ದುಬಾರಿ, ಬಸ್ಸಿನಲ್ಲಿ ಸಿಕ್ಕವರ ಜೊತೆ ಹಂಚಿಕೊಂಡರೆ ಆಗಬಹುದು. ವಿಠ್ಠಲ ದೇವಸ್ಥಾನಕ್ಕೆ ಆಟೊ ಮಾಡಬೇಡ. ವಿರೂಪಾಕ್ಷ ಬಜಾರಿನ ಕೊನೆಯಿಂದ ಹೊಳೆ ಪಕ್ಕದಲ್ಲೇ ನಡೆದು ಹೋಗು, ಕೋದಂಡರಾಮ ದೇವಸ್ಥಾನ ದಾಟಿ ಅರಸರ ತಕ್ಕಡಿ ಹತ್ತಿರ ಮೇಲೆ ಏರುತ್ತೀಯ. ಎರಡು ಕಿಲೋಮೀಟರ್ ಅಷ್ಟೇ. ನೀರು ಜೊತೆಗಿರಲಿ.

ದೊಡ್ಡ ಸ್ಟೇಷನ್ನುಗಳಲ್ಲಿ ಕ್ಲೋಕ್ ರೂಮಿಗೆ ಬ್ಯಾಗು ಹಾಕಿ ಹಗಲೆಲ್ಲ ಬರಿಗೈಯಲ್ಲಿ ತಿರುಗಬಹುದು. ಟಿಕೆಟ್ ತೋರಿಸಬೇಕು, ಬ್ಯಾಗಿಗೆ ಬೀಗ ಇರಲೇಬೇಕು, ಇಲ್ಲದಿದ್ದರೆ ತಗೊಳ್ಳಲ್ಲ. ಬಾದಾಮಿಗೆ ಸ್ಲೀಪರ್ ಈ ವಾರವೇ ಮಾಡಿಸು. ಜಾತ್ರೆ ಟೈಮು, ಆ ಗಾಡಿ ತುಂಬಿಬಿಡುತ್ತದೆ.

ಬೆಣ್ಣೆದೋಸೆ

ಈಗಷ್ಟೇ ಮಾಡಿದೆ ಅಣ್ಣ. ಆರ್‌ಎಸಿ 11.

ಹಳಿಮೇಲೆ

ಆಗುತ್ತೆ ಬಿಡು.